ದ್ವೀಪಕ್ಕೆ ಹೊರಡುವ ಮುನ್ನ

ಮೈಸೂರಿನವರಿಗೆ ದ್ವೀಪವೆಂಬುದು ಹೊಸ ಸಂಗತಿಯೇನೂ ಅಲ್ಲ. ಬೆಂಗಳೂರಿನ ಬಸ್ಸನ್ನೋ ರೈಲನ್ನೋ ಹತ್ತಿದ ಅರ್ಧ ಗಂಟೆಯೊಳಗೆ ನಾವು ಒಂದು ದ್ವೀಪವನ್ನು ಹೊಕ್ಕು ಹೊರಬಿದ್ದಿರುತ್ತೇವೆ. ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡಿಕೊಳ್ಳುವ ನಡುವೆ ಶ್ರೀರಂಗಪಟ್ಟಣವಿದೆ ಎಂಬುದನ್ನು ನಾಲ್ಕನೆಯ ತರಗತಿಯ ಹುಡುಗನೂ ಬಲ್ಲ. ಆದರೂ ಬಸ್ಸು ಆ ಸೇತುವೆಯನ್ನು ದಾಟುವಾಗ "ಇಗೋ, ದ್ವೀಪ ಬಂತು" ಎಂದು ಯಾರಾದರೂ ಕಿಟಕಿಯಿಂದ ಇಣುಕಿದ್ದನ್ನು ನಾನು ಕಂಡಿಲ್ಲ. ಸುತ್ತ ನೀರಿದ್ದಮಾತ್ರಕ್ಕೆ ಒಂದು ಜಾಗ ನಮ್ಮ ಮನಸ್ಸಿನಲ್ಲಿ ದ್ವೀಪವಾಗುವುದಿಲ್ಲ. ಅಲ್ಲಿಗೆ ಹೋಗುವುದು ಸ್ವಲ್ಪ ಕಷ್ಟವೂ ಆಗಿರಬೇಕು ಎಂದು ತೋರುತ್ತದೆ.

ಈ ದಿನ ನಾನು ಹೇಳಹೊರಟಿರುವುದು ಆ ಕಷ್ಟದ ವಿಚಾರವನ್ನೇ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಗೋಡೆಗೆ ತೂಗುಹಾಕಿದ ನಕಾಶೆಯ ಮೇಲೆ ಕೋಲಿಟ್ಟು ಪ್ರಪಂಚದ ದ್ವೀಪಗಳನ್ನೆಲ್ಲ ಮಕ್ಕಳಿಗೆ ತೋರಿಸಿದ್ದೇನೆ. ಸಮುದ್ರದ ಒಂದು ದ್ವೀಪದ ಮೇಲೂ ಕಾಲಿಟ್ಟವಳಲ್ಲ. ಶ್ರೀರಾಂಪುರದಲ್ಲಿ ಒಂದು ಮನೆ, ಬೆಳಗ್ಗೆ ಲಿಂಗಾಂಬುಧಿ ಕೆರೆಯ ಕಡೆಗೆ ಒಂದು ನಡಿಗೆ, ಸಂಜೆ ರೇಡಿಯೊ, ಇಷ್ಟರಲ್ಲಿ ನಮ್ಮಿಬ್ಬರ ಕಾಲ ಸುಖವಾಗಿಯೇ ಸಾಗುತ್ತಿತ್ತು.

ಕಳೆದ ವರ್ಷ ದಸರೆ ಮುಗಿದ ಮೇಲೆ ಒಂದು ಭಾನುವಾರ ಅಮೆರಿಕದಲ್ಲಿರುವ ಮಗಳು ಫೋನು ಮಾಡಿದಳು. ಅವಳು ಮೈಸೂರಿಗೆ ಬಂದು ಆಗಲೇ ಐದು ವರ್ಷವಾಗಿತ್ತು. ಆಷಾಢದಲ್ಲಿ ನಮ್ಮ ಮನೆಯವರ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾಗಲೂ ಅವಳಿಗೆ ಬರಲಾಗಿರಲಿಲ್ಲ. ಆ ಕೊರಗು ಅವಳಿಗೆ ಉಂಟು. ಬಾಯಿಬಿಟ್ಟು ಹೇಳುವ ಸ್ವಭಾವವಲ್ಲ.

"ಅಮ್ಮಾ, ಬರುವ ಏಪ್ರಿಲ್‌ಗೆ ನಿಮ್ಮ ಮದುವೆಯಾಗಿ ನಲವತ್ತು ವರ್ಷ. ನಮಗೆ ಆಗ ಸಿಗುವುದು ಹತ್ತೇ ದಿನದ ರಜೆ. ಬಂದು ಹೋಗುವುದರಲ್ಲೇ ನಾಲ್ಕು ದಿನ ಕಳೆದುಹೋಗುತ್ತೆ. ನೀವಿಬ್ಬರೂ ಬಾರ್ಬಡೋಸಿಗೆ ಬಂದುಬಿಡಿ. ಪುಟ್ಟ ದ್ವೀಪ, ತುಂಬಾ ಚೆನ್ನಾಗಿದೆ. ನಾವೂ ಅಲ್ಲಿಗೇ ಬರ್ತೀವಿ. ಮಧ್ಯದಲ್ಲಿ ಸೇರೋಣ. ಖರ್ಚಿನ ಯೋಚನೆ ಬೇಡ" ಎಂದಳು.

"ಮಧ್ಯದಲ್ಲಿ" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನೊಳಗಿನ ಭೂಗೋಳದ ಮೇಷ್ಟರು ಎದ್ದು ಕೂತರು. ಫ್ಲಾರಿಡಾದಲ್ಲಿರುವ ಅವಳಿಗೆ ಬಾರ್ಬಡೋಸ್ ನಾಲ್ಕು ಗಂಟೆಯ ವಿಮಾನದ ದಾರಿ. ನಮಗೋ, ಶ್ರೀರಾಂಪುರದ ಬಾಗಿಲಿಗೆ ಬೀಗ ಹಾಕಿದ ಗಳಿಗೆಯಿಂದ ಎಣಿಸಿದರೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೇ ನಾಲ್ಕು ಗಂಟೆ ಬೇಕು. ಅಲ್ಲಿಗೆ ಅವಳು ತಲಪಿರುತ್ತಾಳೆ, ನಾವು ಇನ್ನೂ ಹೊರಟಿರುವುದಿಲ್ಲ. ಆದರೆ ಮಗಳು ಅಷ್ಟು ಆಸೆಯಿಂದ ಹೇಳುವಾಗ ಅಕ್ಷಾಂಶ ರೇಖಾಂಶ ತೆಗೆಯುವುದಕ್ಕೆ ಮನಸ್ಸು ಬರಲಿಲ್ಲ. "ಆಗಲಿ ಮಗು, ಯೋಚನೆ ಮಾಡೋಣ" ಎಂದೆ.

ನಮ್ಮ ಮನೆಯವರಿಗೆ ಯೋಚನೆಯೇ ಬೇಕಿರಲಿಲ್ಲ. ವೆಸ್ಟ್ ಇಂಡೀಸ್ ಎಂಬ ಹೆಸರು ಕೇಳಿದರೆ ಸಾಕು, ಅರವತ್ತೆಂಟರ ಈ ಮನುಷ್ಯರಿಗೆ ಹದಿನಾಲ್ಕು ವರ್ಷವಾಗಿಬಿಡುತ್ತದೆ. ಅವರು ಹೈಸ್ಕೂಲಿನಲ್ಲಿದ್ದಾಗ, 1971ರಲ್ಲಿ, ಭಾರತ ಮೊಟ್ಟಮೊದಲ ಬಾರಿಗೆ ವೆಸ್ಟ್ ಇಂಡೀಸನ್ನು ಅವರ ನೆಲದಲ್ಲೇ ಸೋಲಿಸಿತು. ಆ ತಂಡದಲ್ಲಿ ಪ್ರಸನ್ನ, ವಿಶ್ವನಾಥ್ ಇದ್ದರು. ಪ್ರಸನ್ನ ಎಂದರೆ ಮೈಸೂರಿನವರಿಗೆ ಒಂದು ಹಕ್ಕು ಹೆಚ್ಚು. 1962ರಲ್ಲಿ ವೆಸ್ಟ್ ಇಂಡೀಸಿಗೆ ಹೋಗಿಬಂದ ಮೇಲೆ ಆಟ ಬದಿಗಿಟ್ಟು ಇಲ್ಲೇ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದು ಮುಗಿಸಿದವರು ಅವರು. ಪೋರ್ಟ್ ಆಫ್ ಸ್ಪೇನ್, ಕಿಂಗ್‌ಸ್ಟನ್, ಬ್ರಿಜ್‌ಟೌನ್ ಎಂಬ ಊರುಗಳನ್ನು ನಮ್ಮ ಮನೆಯವರು ಭೂಗೋಳದ ಪುಸ್ತಕದಿಂದ ಕಲಿತವರಲ್ಲ. ಬೆಳಗಿನ ವಾರ್ತೆಯಲ್ಲಿ ಬರುವ ಸ್ಕೋರಿನಿಂದ ಕಲಿತವರು. 1976ರಲ್ಲಿ 406 ರನ್ ಹೊಡೆದು ಗೆದ್ದ ಪಂದ್ಯದಲ್ಲಿ ವಿಶ್ವನಾಥ್ 112 ಹೊಡೆದದ್ದನ್ನೂ, 2002ರಲ್ಲಿ ಆಂಟಿಗುವಾ ದ್ವೀಪದಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾನನ್ನು ಔಟ್ ಮಾಡಿದ್ದನ್ನೂ ಅವರು ಹೇಳುವ ಠೀವಿಯನ್ನು ನೋಡಿದರೆ, ಪಕ್ಕದಲ್ಲಿ ನಿಂತು ನೋಡಿದವರೇನೋ ಎನ್ನಿಸಬೇಕು.

"ನೋಡು, ಆ ಮೈದಾನದಲ್ಲಿ ಒಂದು ಸಲ ಕೂತು ಎದ್ದು ಬಂದರೆ ಸಾಕು ಕಣೇ" ಎಂದರು. ಅವರ ಮುಖ ನೋಡಿ ನನಗೂ ಹೌದೆನ್ನಿಸಿತು.

ಮರುದಿನ ನಾನು ಅಟ್ಲಾಸ್ ಬಿಚ್ಚಿದೆ. ಬಾರ್ಬಡೋಸ್ ಉದ್ದದಲ್ಲಿ 34 ಕಿಲೊಮೀಟರು, ಅಗಲದಲ್ಲಿ 23. ಮೈಸೂರಿನಿಂದ ಮಂಡ್ಯಕ್ಕೆ ಹೋಗುವಷ್ಟರಲ್ಲಿ ಆ ದೇಶ ಮುಗಿದು ನೀರಿಗೆ ಬಿದ್ದಿರುತ್ತೇವೆ. 1966ರಲ್ಲಿ ಸ್ವತಂತ್ರವಾದ ದೇಶ, 2021ರಲ್ಲಿ ಗಣರಾಜ್ಯವಾಯಿತು. ಪಡುವಣದ ಕರೆ ಕೆರೆಯಂತೆ ಶಾಂತ. ಮೂಡಣದ ಕರೆಗೆ ಅಟ್ಲಾಂಟಿಕ್ ಸಾಗರ ಬಂದು ಅಪ್ಪಳಿಸುತ್ತದೆ. ಸಮುದ್ರದ ದಡದಲ್ಲಿ ಮ್ಯಾಂಚಿನೀಲ್ ಎಂಬ ಮರವಂತೆ, ಅದರ ಹಣ್ಣು ವಿಷ. ಮಳೆ ಬಂದಾಗ ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರಿಗೇ ಮೈ ಬೊಬ್ಬೆಯೇಳುತ್ತದೆ. ಒಳ್ಳೆಯ ಸುದ್ದಿಯೂ ಉಂಟು: ನಮ್ಮ ದೀವಿಹಲಸು ಅಲ್ಲಿ ಬೇಕಾದಷ್ಟು. ಕರಾವಳಿಯವರು ಜೀಗುಜ್ಜೆ ಎನ್ನುವುದೂ ಇದನ್ನೇ. ತೋಟದ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು 1793ರಲ್ಲಿ ಕ್ಯಾಪ್ಟನ್ ಬ್ಲೈ ಎಂಬಾತ ಅದರ ಸಸಿಗಳನ್ನು ಟಾಹಿಟಿಯಿಂದ ಹಡಗಿನಲ್ಲಿ ವೆಸ್ಟ್ ಇಂಡೀಸಿಗೆ ತಂದ. ದೀವಿ ಎಂದರೆ ದ್ವೀಪ, ದ್ವೀಪದ ಹಲಸು. ಹೆಸರಿಟ್ಟ ನಮ್ಮವರಿಗೆ ಅದು ಎಲ್ಲಿಂದ ಬಂತೆಂಬುದರ ಸುಳಿವು ಇತ್ತೆಂದಾಯಿತು.

ಇಷ್ಟೆಲ್ಲ ಓದುವುದು ಸುಖವೇ. ದಾರಿ ಲೆಕ್ಕ ಹಾಕಲು ಕೂತಾಗ ಸುಖ ಇಳಿಯಿತು. ಭಾರತದಿಂದ ಅಲ್ಲಿಗೆ ನೇರ ವಿಮಾನವಿಲ್ಲ. ಬೆಂಗಳೂರಿನಿಂದ ಲಂಡನ್ನಿಗೆ ಹತ್ತು ಹನ್ನೊಂದು ಗಂಟೆ, ಅಲ್ಲಿಂದ ಮತ್ತೆ ಎಂಟೊಂಬತ್ತು ಗಂಟೆ. ನಡುವಿನ ಕಾಯುವಿಕೆ ಸೇರಿದರೆ ಮನೆಯಿಂದ ಸುಮಾರು ಮೂವತ್ತು ಗಂಟೆ. ದ್ವೀಪದವರು ವೀಸಾ ಕೇಳದಿದ್ದರೂ ದಾರಿಯಲ್ಲಿ ಇಳಿಯುವ ಊರಿನವರು ಕೇಳಬಹುದು. ಅದನ್ನು ಟಿಕೆಟ್ಟು ಕೊಳ್ಳುವ ಮೊದಲೇ ವಿಚಾರಿಸಬೇಕು. ಇನ್ನು ಪ್ರಯಾಣದ ವಿಮೆ. ನಮ್ಮಂಥವರು ಇದನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕು. ಮೊದಲೇ ಇದ್ದ ಕಾಯಿಲೆಯಿಂದ ತೊಂದರೆಯಾದರೆ ಹಣ ಕೊಡುವುದಿಲ್ಲವೆಂಬ ಮಾತು ಎಲ್ಲೋ ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಹೃದಯದ ಕಾಯಿಲೆಯವರಿಗೆ ಆ ಒಂದು ವಾಕ್ಯವೇ ಇಡೀ ಪತ್ರ, ಉಳಿದದ್ದೆಲ್ಲ ಅಲಂಕಾರ.

ಆಮೇಲೆ ಋತುವಿನ ಪ್ರಶ್ನೆ. ನಮಗೆ ಮುಂಗಾರು ಇದ್ದಂತೆ ಅವರಿಗೆ ಚಂಡಮಾರುತದ ಕಾಲವುಂಟು, ಜೂನ್ 1ರಿಂದ ನವೆಂಬರ್ 30ರವರೆಗೆ. ಏಪ್ರಿಲ್ ಅದಕ್ಕೆ ಹೊರಗೇ. ಆದರೂ 2024ರ ಕಥೆ ನನಗೆ ನೆನಪಾಯಿತು. ಆ ಜೂನ್ 29ರಂದು ಬ್ರಿಜ್‌ಟೌನಿನಲ್ಲಿ ಭಾರತ ಇಪ್ಪತ್ತು ಓವರಿನ ವಿಶ್ವಕಪ್ಪನ್ನು ಗೆದ್ದಿತಷ್ಟೆ. ತರಬೇತುದಾರರಾಗಿದ್ದವರು ನಮ್ಮ ರಾಹುಲ್ ದ್ರಾವಿಡ್. 2007ರ ವಿಶ್ವಕಪ್ಪಿನಲ್ಲಿ ನಾಯಕನಾಗಿ ಅದೇ ವೆಸ್ಟ್ ಇಂಡೀಸಿನಿಂದ ಮೊದಲ ಸುತ್ತಿನಲ್ಲೇ ಸೋತು ಹಿಂತಿರುಗಿದವರು, ಹದಿನೇಳು ವರ್ಷದ ಮೇಲೆ ಅಲ್ಲೇ ಕಪ್ಪು ಹಿಡಿದರು. ಕಪ್ಪು ಕೈಗೆ ಬಂತು, ಊರಿಗೆ ಬರಲು ಆಗಲಿಲ್ಲ. ಬೆರಿಲ್ ಎಂಬ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿತು. ವಿಶ್ವವನ್ನೇ ಗೆದ್ದವರು ಹೋಟೆಲಿನ ಕೋಣೆಯಲ್ಲಿ ಕಾದು ಕೂತರು. ವಿಶೇಷ ವಿಮಾನವೊಂದು ಹೋಗಿ ಕರೆತಂದು ದೆಹಲಿ ಮುಟ್ಟಿಸಿದ್ದು ಜುಲೈ 4ರಂದು. ದೊಡ್ಡ ನೆಲದ ಮೇಲೆ ಒಂದು ದಾರಿ ಮುಚ್ಚಿದರೆ ಇನ್ನೊಂದಿರುತ್ತದೆ. ಚಿಕ್ಕ ದ್ವೀಪದಲ್ಲಿ ಹಾಗಲ್ಲ. ನಮಗಾಗಿ ಯಾರೂ ವಿಶೇಷ ವಿಮಾನ ಕಳಿಸುವುದಿಲ್ಲ.

ಕೊನೆಗೆ ವೈದ್ಯರ ಹತ್ತಿರ ಹೋದೆವು. ಅವರು ಬೇಡ ಎನ್ನಲಿಲ್ಲ. "ಹೋಗಬಹುದು. ಆದರೆ ಇನ್ನೊಂದು ಆರು ತಿಂಗಳು ನನ್ನ ಕಣ್ಣೆದುರಿಗಿದ್ದರೆ ನನಗೆ ಸಮಾಧಾನ" ಎಂದರು. ಬೇಡ ಎಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ತೀರ್ಮಾನ ನಮ್ಮ ತಲೆಗೇ ಬಂತು. ಮನೆಗೆ ಬರುವವರೆಗೂ ಆಟೋದಲ್ಲಿ ಇಬ್ಬರೂ ಮಾತಾಡಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅವರೇ ಹೇಳಿದರು: "ಅಲ್ಲಿ ನನಗೆ ಏನಾದರೂ ಆದರೆ, ಅದನ್ನು ಅವಳು ಜೀವಮಾನವೆಲ್ಲ ತನ್ನ ತಲೆಗೆ ಕಟ್ಟಿಕೊಳ್ತಾಳೆ. ಬೇಡ ಬಿಡು."

ಮಗಳಿಗೆ ಹೇಳಬೇಕಾದವಳು ನಾನು. ಎರಡು ಭಾನುವಾರ ತಪ್ಪಿಸಿಕೊಂಡೆ. ಮೂರನೆಯ ಭಾನುವಾರ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಯಾವಾಗಲೂ ಹೀಗೇ. ನಾನು ಬರಲಿಲ್ಲ ಅನ್ನುವುದಷ್ಟೇ ನಿಮಗೆ ಕಾಣುತ್ತೆ. ಬನ್ನಿ ಎಂದರೆ ಬರುವುದಿಲ್ಲ" ಎಂದಳು. ಅದು ಪೂರ್ತಿ ನಿಜವಲ್ಲ. ಪೂರ್ತಿ ಸುಳ್ಳೂ ಅಲ್ಲ. ಫೋನಿಟ್ಟ ಮೇಲೆ ನನಗನ್ನಿಸಿತು, ಇಲ್ಲ ಎಂದು ಹೇಳುವವರು ಅದರ ಜೊತೆಗೆ ಇನ್ನೊಂದು ದ್ವೀಪವನ್ನು ಹುಡುಕಿಟ್ಟುಕೊಂಡಿರಬೇಕಿತ್ತು.

ಆ ಹುಡುಕಾಟದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಲಕ್ಷದ್ವೀಪ. 2024ರ ಜನವರಿಯಲ್ಲಿ ಪ್ರಧಾನಿಗಳು ಅಲ್ಲಿಗೆ ಹೋಗಿಬಂದ ಮೇಲೆ ಅದರ ಹೆಸರು ಎಲ್ಲರ ಬಾಯಲ್ಲಿದೆ. ಮೈಸೂರಿಗೂ ಅದಕ್ಕೂ ಹಳೆಯ ನಂಟಿದೆ ಎಂಬುದು ಮಾತ್ರ ಅನೇಕರಿಗೆ ಗೊತ್ತಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಬಡಗಣ ದ್ವೀಪಗಳು ಆಗ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಆ ಆಳ್ವಿಕೆ ತಾಳಲಾರದೆ ಅಮಿನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನನ್ನು ಕಂಡು, ನಮ್ಮನ್ನು ನೀವೇ ನೋಡಿಕೊಳ್ಳಿ ಎಂದು ಕೇಳಿಕೊಂಡರು. ಹೀಗೆ ಆ ಐದು ದ್ವೀಪಗಳು ಮೈಸೂರಿಗೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವೂ ಕಂಪನಿಯ ಕೈಗೆ ಹೋದವು. ಕಾವೇರಿಯ ನಡುವಿನ ಒಂದು ದ್ವೀಪ ಬಿದ್ದದ್ದರಿಂದ ಸಮುದ್ರದ ನಡುವಿನ ಐದು ದ್ವೀಪಗಳ ಒಡೆತನ ಬದಲಾಯಿತು. ಆಮೇಲೆ ಮಂಗಳೂರಿನಿಂದಲೇ ಅವುಗಳ ಆಡಳಿತ. ದಕ್ಷಿಣ ಕನ್ನಡ ಜಿಲ್ಲೆಯ ಒಂದು ಭಾಗವಾಗಿ 1956ರವರೆಗೂ ಹಾಗೆಯೇ ನಡೆಯಿತು. ಪಾಠ ಹೇಳುವ ಕಾಲದಲ್ಲಿ ಇದನ್ನು ತಿಳಿದಿದ್ದರೆ ಎಷ್ಟು ಚೆನ್ನಾಗಿ ಹೇಳಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಮೂವತ್ತಾರು ದ್ವೀಪಗಳೂ ಸೇರಿ ಅಲ್ಲಿರುವ ನೆಲ 32 ಚದರ ಕಿಲೊಮೀಟರು. 2011ರ ಜನಗಣತಿಯಂತೆ ಜನ 64,473. ಹವಳದ ಹುಳುಗಳು ಕಟ್ಟಿದ ನೆಲ. ಸಮುದ್ರದ ಮಟ್ಟಕ್ಕಿಂತ ಒಂದೆರಡು ಮೀಟರು ಮೇಲಿದೆ ಅಷ್ಟೆ. ಹೊರಗಿನವರು ಹೋಗಬೇಕಾದರೆ ಮೊದಲು ಅನುಮತಿ ಪತ್ರ ಪಡೆಯಬೇಕು. ಅಷ್ಟು ಚಿಕ್ಕ ನೆಲ, ಅಷ್ಟು ಸ್ವಲ್ಪ ಸಿಹಿನೀರು; ಬಂದವರನ್ನೆಲ್ಲ ಬಿಟ್ಟುಕೊಂಡರೆ ಇದ್ದವರ ಗತಿ ಏನು? ಅಲ್ಲಿಯ ಜನರಿಗೆ ಆ ಕಾಯ್ದೆ ಕಾವಲು, ಆದ್ದರಿಂದ ಅದನ್ನು ಕಿರುಕುಳ ಎನ್ನಲು ನನಗೆ ಬಾಯಿ ಬರದು. ಕೊಚ್ಚಿಯಿಂದ ಹಡಗಿನಲ್ಲಿ ಹದಿನಾಲ್ಕರಿಂದ ಹದಿನೆಂಟು ಗಂಟೆ. ಅಗತ್ತಿಗೆ ವಿಮಾನವೂ ಉಂಟು. ಹಡಗು ಹಲವು ದ್ವೀಪಗಳಲ್ಲಿ ದಡಕ್ಕೆ ಬರಲಾರದು, ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಅಲೆಯ ಮೇಲೆ ಏಳುತ್ತ ಬೀಳುತ್ತ ಇರುವ ಚಿಕ್ಕ ದೋಣಿಗೆ ಸರಿಯಾದ ಗಳಿಗೆ ನೋಡಿ ಇಳಿಯಬೇಕು. ಕಾಯಿಲೆ ಜೋರಾದವರನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುತ್ತಾರೆ. ಅಲ್ಲಿಗೆ ನನ್ನ ಪೆನ್ಸಿಲು ನಿಂತಿತು. ಬಾರ್ಬಡೋಸಿಗೆ ಯಾವುದಕ್ಕೆ ಅಂಜಿದೆವೋ ಅದೇ ಇಲ್ಲಿಯೂ ಇದೆ, ದೂರ ಕಡಿಮೆಯಾಗಿದೆ ಅಷ್ಟೆ. ಗಟ್ಟಿಮುಟ್ಟಾದವರು, ಮಕ್ಕಳು ಸ್ವಲ್ಪ ದೊಡ್ಡವರಾದ ಸಂಸಾರದವರು ಖಂಡಿತ ಹೋಗಿಬರಲಿ.

ಹಾಗಾದರೆ ನಮಗೆ ಉಳಿದದ್ದು ಮಲ್ಪೆ. ಉಡುಪಿಯಿಂದ ಆರು ಕಿಲೊಮೀಟರು ದೂರದ ಆ ಮೀನುಗಾರರ ಬಂದರಿನಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ಸೇಂಟ್ ಮೇರೀಸ್ ದ್ವೀಪ ಸಿಗುತ್ತದೆ. ಅಲ್ಲಿಯವರು ತೋನ್ಸೆಪಾರ್ ಎನ್ನುವುದೂ ಉಂಟು. ನಮ್ಮ ಮನೆಯವರನ್ನು ಕರೆದುಕೊಂಡು ಹೋಗುವ ಮೊದಲು ನಾನೇ ಒಂದು ಸಲ ನೋಡಿಕೊಂಡು ಬರುವುದೆಂದು ನಿಶ್ಚಯಿಸಿ, ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ತಂಗಿಯನ್ನು ಜೊತೆ ಮಾಡಿಕೊಂಡು ಹೊರಟೆ. ಹೆಣ್ಣು ನೋಡಲು ಮೊದಲು ಹಿರಿಯರು ಹೋಗಿಬರುತ್ತಾರಲ್ಲ, ಹಾಗೆ.

ಮಡಿಕೇರಿಯ ಮೇಲೆ ಸಂಪಾಜೆ ಘಟ್ಟ ಇಳಿದು ಹೋಗುವ ಬಸ್ಸಿನಲ್ಲಿ ಹೋದೆವು. ತಿರುವುಗಳಲ್ಲಿ ತಂಗಿಗೆ ಹೊಟ್ಟೆ ತೊಳಸಿತು. ಹೃದಯದ ರೋಗಿಗೆ ಈ ದಾರಿ ಬೇಡವೆಂದು ಅಲ್ಲೇ ಬರೆದುಕೊಂಡೆ. ಹಿಂದಿರುಗುವಾಗ ಸುಬ್ರಹ್ಮಣ್ಯ, ಸಕಲೇಶಪುರ, ಹಾಸನದ ಮೇಲೆ ಬರುವ ರೈಲು ಹಿಡಿದೆವು. ಮಲಗಿಕೊಂಡು ಬರಬಹುದು, ಶೌಚಕ್ಕೆ ಯಾರ ದಾಕ್ಷಿಣ್ಯವೂ ಬೇಕಿಲ್ಲ. ಘಟ್ಟದ ಸೊಬಗೆಲ್ಲ ಕತ್ತಲಲ್ಲಿ ಹೋಗುತ್ತದೆ ಎಂಬುದೊಂದೇ ಕೊರತೆ.

ಮಲ್ಪೆಯ ದೋಣಿ ಹತ್ತುವಾಗ ಒಂದು ಸಣ್ಣ ಜಗಳವಾಯಿತು. ಎಲ್ಲರ ಕೈಗೂ ತೇಲು ಅಂಗಿ ಕೊಟ್ಟರು, ಸರಿ. ಆದರೆ ಅದನ್ನು ತೊಟ್ಟು ಪಟ್ಟಿ ಬಿಗಿದುಕೊಳ್ಳುವ ಮೊದಲೇ ದೋಣಿ ಹೊರಡಿಸಿದರು. ಕೆಲವರು ಅದನ್ನು ಹೆಗಲಿಗೆ ಟವೆಲಿನಂತೆ ಹಾಕಿಕೊಂಡಿದ್ದರು, ಒಬ್ಬ ಹುಡುಗ ತಲೆದಿಂಬು ಮಾಡಿಕೊಂಡಿದ್ದ. ನಾನು ತರಗತಿಯ ದನಿ ತೆಗೆದು, "ಎಲ್ಲರೂ ಪಟ್ಟಿ ಕಟ್ಟಿಕೊಳ್ಳುವವರೆಗೆ ದೋಣಿ ನಿಲ್ಲಲಿ" ಎಂದೆ. ದೋಣಿಯಾತ ಗೊಣಗಿದ, ನಿಲ್ಲಿಸಿದ. ತಂಗಿಗೆ ನಾಚಿಕೆಯಾಯಿತು. ನನಗೆ ಆಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದ ಕೊಟ್ಟಾಯಂ ಕಡೆಯಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಪ್ರವಾಸಕ್ಕೆಂದು ಮಕ್ಕಳನ್ನು ಕರೆದೊಯ್ದು ಎಷ್ಟೋ ಸಲ ತಲೆಯೆಣಿಸಿದವಳು ನಾನು. ಹಿಂದಿರುಗುವ ಬಸ್ಸಿನಲ್ಲಿ ಎಣಿಕೆಗೆ ಮೂರು ತಲೆ ಕಡಿಮೆ ಬರುವುದೆಂದರೆ ಏನೆಂದು ಊಹಿಸಿಕೊಂಡರೆ ಇಂದಿಗೂ ಕೈಕಾಲು ತಣ್ಣಗಾಗುತ್ತದೆ.

ನಾವು ಹೋದ ದಿನ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿಸಿ, ಅಲ್ಲಿಂದ ದಡ ಮುಟ್ಟಿಸಿದರು. ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ ಕೈ ಹಿಡಿದರೆ ನಮ್ಮ ಮನೆಯವರಿಗೂ ಕಷ್ಟವಾಗದು ಎಂದು ಅಂದಾಜು ಮಾಡಿದೆ.

ದ್ವೀಪ ಬಹಳ ಚಿಕ್ಕದು, ಸುಮಾರು ಅರ್ಧ ಕಿಲೊಮೀಟರು ಉದ್ದ, ನೂರು ಮೀಟರು ಅಗಲ. ತೆಂಗಿನ ಮರಗಳು, ಮರಳಿಗಿಂತ ಹೆಚ್ಚಾಗಿ ಕಪ್ಪೆಚಿಪ್ಪು, ಅದಕ್ಕಿಂತ ಹೆಚ್ಚಾಗಿ ಕಲ್ಲು. ಆ ಕಲ್ಲುಗಳನ್ನು ಕಂಡಾಗ ನಾನು ಮೇಷ್ಟರೆಂಬುದನ್ನು ಮರೆತು ಮಗುವಿನಂತೆ ನಿಂತುಬಿಟ್ಟೆ. ಬೆಲ್ಲದ ಅಚ್ಚಿನಿಂದ ತೆಗೆದು ಒಂದರ ಪಕ್ಕಕ್ಕೊಂದು ನಿಲ್ಲಿಸಿದಂತೆ ಕಂಬಗಳು. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು, ಏಳು. ಮನುಷ್ಯನ ಉಳಿ ಅವುಗಳ ಮೇಲೆ ಆಡಿಲ್ಲ. ಸುಮಾರು 8.8 ಕೋಟಿ ವರ್ಷದ ಹಿಂದೆ ಭೂಮಿಯೊಳಗಿನಿಂದ ಉಕ್ಕಿಬಂದ ಲಾವಾ ಆರುತ್ತ ಕುಗ್ಗಿತು, ಕುಗ್ಗುತ್ತ ಬಿರುಕು ಬಿಟ್ಟಿತು. ಬೇಸಗೆಯಲ್ಲಿ ಕೆರೆಯಂಗಳ ಒಣಗಿದಾಗ ಕೆಸರು ಬಿರಿದು ಮೂಲೆಮೂಲೆಯ ಹೆಂಟೆಗಳಾಗುವುದನ್ನು ನೀವೆಲ್ಲ ನೋಡಿದ್ದೀರಿ. ಆ ಬಿರುಕೇ ಕೆಳಕೆಳಗೆ ಇಳಿಯುತ್ತ ಹೋಗಿದ್ದರೆ ಹೇಗೋ ಹಾಗೆ. ಐರ್ಲೆಂಡಿನ ಕರೆಯಲ್ಲಿಯೂ ಇಂಥ ಕಂಬಗಳಿವೆ. ಅದನ್ನು ಪಠ್ಯಪುಸ್ತಕದ ಚಿತ್ರದಲ್ಲಿ ತೋರಿಸುತ್ತಿದ್ದ ನಾನು ಮಲ್ಪೆಯನ್ನು ತೋರಿಸಿರಲಿಲ್ಲ. ಭಾರತದ ಭೂವಿಜ್ಞಾನ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ.

ಈ ಲಾವಾ ಉಕ್ಕಿದ ಕಾಲಕ್ಕೆ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಆಗಲೇ ಅದು ಬಿಟ್ಟುಹೋಗಲು ಹೊರಟದ್ದು. ಈಗ ಆಫ್ರಿಕದ ಮಗ್ಗುಲಲ್ಲಿದೆ. ಅದು ಹೋದ ದಾರಿಯ ಗುರುತಾಗಿ ಈ ಕಲ್ಲುಗಳು ಇಲ್ಲಿ ಉಳಿದಿವೆ. ತಂಗಿಗೆ ಇದನ್ನು ವಿವರಿಸುತ್ತಿದ್ದಾಗ ಅವಳು, "ಅಕ್ಕಾ, ಮಗಳನ್ನು ನೆನೆಸಿಕೊಂಡೆಯಾ?" ಎಂದಳು. ಇಲ್ಲ ಎಂದೆ.

ಈ ದ್ವೀಪಕ್ಕೆ ಮೇರಿಯ ಹೆಸರು ಬಂದದ್ದು 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಶಿಲುಬೆ ನೆಟ್ಟು ಹೋದದ್ದರಿಂದ ಎಂಬುದು ಹೇಳಿಕೆ. ಅದಕ್ಕೆ ಆರು ವರ್ಷ ಹಿಂದೆ ಇಂಡಿಯಾವನ್ನೇ ಹುಡುಕಿ ಹೊರಟ ಕೊಲಂಬಸ್ ದಾರಿ ತಪ್ಪಿ ಅಮೆರಿಕದ ದ್ವೀಪಗಳನ್ನು ಮುಟ್ಟಿ, ಇಂಡಿಯಾ ಸಿಕ್ಕಿತೆಂದು ನಂಬಿದ. ಆ ತಪ್ಪಿನಿಂದ ಅವು ಇಂದಿಗೂ ವೆಸ್ಟ್ ಇಂಡೀಸ್. ಮಗಳು ಕರೆದದ್ದು ತಪ್ಪಿದವನ ದ್ವೀಪಕ್ಕೆ, ನಾವು ಕರೆಯುತ್ತಿರುವುದು ತಲಪಿದವನ ದ್ವೀಪಕ್ಕೆ ಎಂದು ಫೋನಿನಲ್ಲಿ ಹೇಳಿದಾಗ ಅವಳು ನಕ್ಕಳು. ಮೂರು ತಿಂಗಳ ಮೇಲೆ ಕೇಳಿದ ನಗು ಅದು.

ಹತ್ತಿರದಲ್ಲೇ ದರಿಯಾ ಬಹದ್ದೂರ್‌ಗಡ ಎಂಬ ಇನ್ನೊಂದು ದ್ವೀಪದಲ್ಲಿ ಬಿದನೂರಿನ ಅರಸರ ಕಾಲದ ಕೋಟೆಯಿದೆಯಂತೆ. ನಾವು ಅಲ್ಲಿಗೆ ಹೋಗಲಿಲ್ಲ.

ಹೋಗುವ ಯೋಚನೆಯಿರುವವರಿಗೆ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ. ಮಳೆಗಾಲದಲ್ಲಿ, ಜೂನಿನಿಂದ ಸೆಪ್ಟೆಂಬರಿನವರೆಗೆ, ದೋಣಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ಉಡುಪಿಗೆ ಹೋಗಿ ಮಲ್ಪೆಯಲ್ಲಿ ನಿಂತು ಬಯ್ಯುವುದರಲ್ಲಿ ಅರ್ಥವಿಲ್ಲ. ಡಿಸೆಂಬರ್, ಜನವರಿ ಉತ್ತಮ. ಆಗಲೂ ಬೆಳಗಿನ ಮೊದಲ ದೋಣಿಗೇ ಹೋಗಬೇಕು. ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ, ನೆರಳು ತೆಂಗಿನ ಮರದ್ದು, ಅದು ಎಷ್ಟಿರುತ್ತದೆಂದು ನಿಮಗೇ ಗೊತ್ತು. ದ್ವೀಪದಲ್ಲಿ ಯಾರೂ ವಾಸವಿಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ. ಕುಡಿಯುವ ನೀರು, ಮಾತ್ರೆ, ಒಂದು ಕೊಡೆ ಕೈಯಲ್ಲೇ ಇರಲಿ. ಚಪ್ಪಲಿ ಜಾರುತ್ತದೆ, ಬರಿಗಾಲಿಗೆ ಚಿಪ್ಪು ಚುಚ್ಚುತ್ತದೆ, ಕಟ್ಟಿಕೊಳ್ಳುವ ಬೂಟೇ ಸರಿ. ಬಾರ್ಬಡೋಸಿನ ವಿಚಾರ ಓದಿದ್ದು ಇಲ್ಲಿ ಕೆಲಸಕ್ಕೆ ಬಂತು: ಯಾವ ದ್ವೀಪಕ್ಕೇ ಹೋಗಲಿ, ತೆರೆದ ಸಮುದ್ರದ ಮಗ್ಗುಲು ಯಾವುದು ಎಂದು ಮೊದಲು ಕೇಳಬೇಕು. ಇಲ್ಲಿ ಅದು ಪಡುವಣ. ಆ ಕಡೆಯ ಬಂಡೆಗಳ ಮೇಲೆ ಹಾವಸೆ ಹಿಡಿದಿರುತ್ತದೆ, ಅಲೆ ಹೇಳಿಕೇಳಿ ಬರುವುದಿಲ್ಲ. ಫೋಟೋ ತೆಗೆಸಿಕೊಳ್ಳುವುದಾದರೆ ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಬೇಡಿ. ಕಾವಲಿನವರು ಸಿಳ್ಳೆ ಹಾಕಿದರೆ ಅವರ ಮೇಲೆ ಸಿಟ್ಟಾಗಬೇಡಿ. ಇನ್ನು ಆ ಕಪ್ಪೆಚಿಪ್ಪುಗಳು. ಒಂದೊಂದು ಸಂಸಾರ ಒಂದೊಂದು ಚೀಲ ತುಂಬಿಕೊಂಡು ಹೋದರೆ ಆ ದಡ ಎಷ್ಟು ದಿನ ಉಳಿದೀತು? ನನ್ನ ತಂಗಿ ಆರಿಸಿಕೊಂಡಿದ್ದನ್ನು ದೋಣಿ ಹತ್ತುವ ಮುಂಚೆ ಸುರಿಸಿಬಿಟ್ಟೆ. ಎರಡು ದಿನ ಅವಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಈಗ ನಮ್ಮ ಸಿದ್ಧತೆ ಎಲ್ಲಿಗೆ ಬಂದಿದೆ ಎಂದರೆ, ಮಗಳು, ಅಳಿಯಂದಿರು, ಮೊಮ್ಮಗಳು ಡಿಸೆಂಬರಿನಲ್ಲಿ ಬರುತ್ತಾರೆ. ಹತ್ತು ದಿನವಲ್ಲ, ಮೂರು ವಾರ. ಇದಕ್ಕಾಗಿ ಅವಳು ವರ್ಷದ ರಜೆಯನ್ನೆಲ್ಲ ಕೂಡಿಡುತ್ತಿದ್ದಾಳೆ. ನಲವತ್ತನೆಯ ವರ್ಷದ ಏಪ್ರಿಲ್ ಸುಮ್ಮನೆ ಕಳೆದುಹೋಯಿತು. ಆ ದಿನ ಅವಳು ಫೋನು ಮಾಡಿ ಹೆಚ್ಚು ಮಾತಾಡದೆ ಇಟ್ಟಳು. ಅದಕ್ಕೆ ನಾನು ಮಾಡುವಂಥದ್ದೇನೂ ಇರಲಿಲ್ಲ. ಒಂಬತ್ತು ವರ್ಷದ ಮೊಮ್ಮಗಳಿಗೆ ಕಲ್ಲಿನ ಕಂಬಗಳ ಚಿತ್ರ ಕಳಿಸಿದ್ದೆ. "ಅಜ್ಜೀ, ಇದನ್ನು ಯಾರು ಮಾಡಿದ್ದು?" ಎಂದು ಕೇಳಿದ್ದಾಳೆ. ಬಂದ ಮೇಲೆ ಹೇಳುತ್ತೇನೆ ಎಂದಿದ್ದೇನೆ. ಅವಳ ತಾತ ಮಾತ್ರ ಅಲ್ಲಿ ಒಂದು ಬ್ಯಾಟು, ರಬ್ಬರ್ ಚೆಂಡು ಒಯ್ಯಬೇಕೆಂದು ಹಟ ಹಿಡಿದಿದ್ದಾರೆ. ನೂರು ಮೀಟರು ಅಗಲದ ದ್ವೀಪದಲ್ಲಿ ಸಿಕ್ಸರ್ ಹೊಡೆದರೆ ಚೆಂಡು ಅರಬ್ಬೀ ಸಮುದ್ರಕ್ಕೆ, ತರುವವರು ಯಾರು ಎಂದು ಕೇಳಿದರೆ, ಪ್ರಸನ್ನ ಹಾಕಿದ ಚೆಂಡಿಗೆ ಸಿಕ್ಸರ್ ಹೊಡೆಯುವುದು ಅಷ್ಟು ಸುಲಭವಲ್ಲ ಎನ್ನುತ್ತಾರೆ. ಚೆಂಡು ಹಾಕುವವರು ತಾವೇ ಎಂಬುದನ್ನು ಹೇಳಲೂ ಇಲ್ಲ, ಮುಚ್ಚಿಡಲೂ ಇಲ್ಲ.

ವೈದ್ಯರು ಹೇಳಿದ ಆರು ತಿಂಗಳು ಮುಗಿದಿದೆ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿದೆ. ದಿನಾ ಬೆಳಗ್ಗೆ ಕೆರೆಯ ಕಡೆಗೆ ನಡೆಯುವುದು ಮೊದಲಿಗಿಂತ ಸ್ವಲ್ಪ ದೂರವಾಗಿದೆ. ಉಬ್ಬರ ಇಳಿತದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ ಎಂದು ಒಮ್ಮೆ ಹೇಳಿಕೊಟ್ಟದ್ದೇ ತಡ, ಅವರು ಕ್ಯಾಲೆಂಡರಿನ ಹಿಂಬದಿಯಲ್ಲಿ ಡಿಸೆಂಬರಿನ ಲೆಕ್ಕ ಬರೆಯತೊಡಗಿದ್ದಾರೆ. ರೈಲಿನ ಟಿಕೆಟ್ಟು ಈಗ ಅರವತ್ತು ದಿನ ಮೊದಲು ಮಾತ್ರ ಕೊಡುತ್ತಾರೆ. ಅದರ ತಾರೀಖನ್ನೂ ಅಲ್ಲೇ ಕೆಂಪು ಶಾಯಿಯಲ್ಲಿ ಗುರುತು ಮಾಡಿಟ್ಟಿದ್ದೇನೆ. ಐದು ಟಿಕೆಟ್ಟು ಬೇಕು, ಅದರಲ್ಲಿ ಎರಡು ಕೆಳಗಿನ ಮಲಗುವ ಜಾಗ. ಮೇಲಿನದು ತನಗೇ ಎಂದು ಮೊಮ್ಮಗಳು ಆಗಲೇ ಹೇಳಿದ್ದಾಳೆ.